ಮರುಭೂಮಿಗೆ ಹೊರಡುವ ಮುಂಚೆ ಮಕ್ಕಳ ಜೊತೆ ಓದಿದ ಪುಸ್ತಕಗಳು

ಸಮುದ್ರ ನೋಡೋಕೆ ಮಕ್ಕಳಿಗೆ ಯಾವ ತಯಾರಿಯೂ ಬೇಡ. ಅಲೆ ಬಂದು ಕಾಲಿಗೆ ಬಡಿದರೆ ಮುಗೀತು, ಕುಣಿಯುತ್ತಾರೆ. ಮರುಭೂಮಿ ಹಾಗಲ್ಲ. ಅಲ್ಲಿನ ಎಷ್ಟೋ ಪ್ರಾಣಿಗಳು ಹಗಲು ಹೊತ್ತು ಬಿಲ ಸೇರಿಕೊಂಡಿರುತ್ತವೆ. ಗಿಡಗಳು ನೋಡೋಕೆ ಒಣಗಿದ ಹಾಗೆ ಕಾಣುತ್ತವೆ. ಕಾರಿಂದ ಇಳಿದ ಮಗು ಸುತ್ತ ನೋಡಿ "ಇಲ್ಲಿ ಏನೂ ಇಲ್ವಲ್ಲಮ್ಮಾ" ಅಂದರೆ ಆಶ್ಚರ್ಯವಿಲ್ಲ. ಅದಕ್ಕೇ ಅಮೆರಿಕದ ಆರಿಜೋನಾದಲ್ಲಿರುವ ಟೂಸಾನ್ ಕಡೆಗೆ ಪ್ರವಾಸ ಅಂತ ಗೊತ್ತಾದಾಗ ಟಿಕೆಟ್ ಜೊತೆಗೇ ಪುಸ್ತಕಗಳನ್ನೂ ಹುಡುಕಲು ಶುರು ಮಾಡಿದೆ. ಮಕ್ಕಳ ತಲೆಗೆ ಮಾಹಿತಿ ತುಂಬಬೇಕು ಅಂತಲ್ಲ. ಅಲ್ಲಿ ಹೋದಾಗ ಏನನ್ನು ಹುಡುಕಬೇಕು ಅನ್ನೋದು ಅವರ ಕಣ್ಣಿಗೆ ಗೊತ್ತಿರಲಿ ಅಂತ.

ಮೊದಲು ನೋಡಿದ್ದು ಪುಸ್ತಕ ಯಾವ ಮರುಭೂಮಿಯದ್ದು ಅಂತ. 'ಮರುಭೂಮಿಯ ಪ್ರಾಣಿಗಳು' ಅನ್ನೋ ತರಹದ ಎಷ್ಟೋ ಪುಸ್ತಕಗಳಲ್ಲಿ ಒಂಟೆ, ಸಹಾರಾದ ಫೆನೆಕ್ ನರಿ, ಅಮೆರಿಕದ ಕಾಂಗರೂ ಇಲಿ ಎಲ್ಲವೂ ಒಂದೇ ಪುಟದಲ್ಲಿ ಇರುತ್ತವೆ. ಅದನ್ನು ಓದಿಕೊಂಡು ಹೋದ ಮಗು ಆರಿಜೋನಾದಲ್ಲಿ ಒಂಟೆ ಹುಡುಕುತ್ತೆ, ಅಲ್ವಾ? ನಾವು ಹೊರಟಿದ್ದು ಸೊನೋರನ್ ಮರುಭೂಮಿಗೆ. ಕೈ ಮೇಲೆತ್ತಿ ನಿಂತ ಮನುಷ್ಯನ ಹಾಗೆ ಕಾಣುವ ಸವಾರೊ ಕಳ್ಳಿ ತಾನಾಗಿ ಬೆಳೆಯೋದು ಆ ಒಂದು ಮರುಭೂಮಿಯಲ್ಲಿ ಮಾತ್ರ. ಹಾಗಾಗಿ ಪುಸ್ತಕ ಕೈಗೆ ತಗೊಂಡ ತಕ್ಷಣ ಜಾಗದ ಹೆಸರು ಇದೆಯಾ ಅಂತ ನೋಡುತ್ತಿದ್ದೆ. ಇಲ್ಲದಿದ್ದರೆ ಬಿಟ್ಟುಬಿಡುತ್ತಿದ್ದೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಓದಿಸಿಕೊಂಡಿದ್ದು ಬ್ರೆಂಡಾ ಗೈಬರ್ಸನ್ ಬರೆದ 'ಕ್ಯಾಕ್ಟಸ್ ಹೋಟೆಲ್'. 1991ರ ಪುಸ್ತಕ. ಒಂದೇ ಒಂದು ಸವಾರೊ ಕಳ್ಳಿಯ ಕಥೆ, ಬೀಜ ನೆಲಕ್ಕೆ ಬೀಳುವುದರಿಂದ ಹಿಡಿದು ಸುಮಾರು 200 ವರ್ಷದ ಬದುಕು. ಈ ಕಳ್ಳಿ ಎಷ್ಟು ನಿಧಾನವಾಗಿ ಬೆಳೆಯುತ್ತೆ ಅಂದರೆ, ಮೊದಲ ಎಂಟು ವರ್ಷಕ್ಕೆ ಒಂದು, ಒಂದೂವರೆ ಇಂಚು ಅಷ್ಟೇ. ಕೈಗಳು ಮೂಡೋಕೆ ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಎಳೆ ಗಿಡಕ್ಕೆ ಬಿಸಿಲು, ಚಳಿ ಎರಡೂ ತಡೆಯೋಕಾಗಲ್ಲ. ಅದಕ್ಕೇ ಪಾಲೊ ವರ್ಡೆಯಂಥ ಮರದ ನೆರಳಲ್ಲಿ ಬೆಳೆಯುತ್ತೆ. ಮರಕುಟಿಗ ಕಳ್ಳಿಯನ್ನು ಕೊರೆದು ಗೂಡು ಮಾಡುತ್ತೆ. ಅದು ಬಿಟ್ಟುಹೋದ ಮೇಲೆ ಅದೇ ತೂತಿಗೆ ಎಲ್ಫ್ ಗೂಬೆ ಬರುತ್ತೆ. ಗುಬ್ಬಚ್ಚಿಗಿಂತ ಹೆಚ್ಚೇನೂ ದೊಡ್ಡದಲ್ಲದ ಗೂಬೆ ಅದು.

ಮಗಳು ಒಂದಿಂಚಿನ ಗಿಡದ ಪುಟ ಬಂದಾಗಲೆಲ್ಲ ತನ್ನ ಹೆಬ್ಬೆರಳನ್ನು ಚಿತ್ರದ ಪಕ್ಕ ಇಟ್ಟು ಅಳೆಯುತ್ತಿದ್ದಳು. ಅದರ ಫಲ ಅಲ್ಲಿ ಕಂಡಿತು. ಎಲ್ಲರೂ ಎತ್ತರದ ಕಳ್ಳಿಗಳ ಕಡೆ ಕತ್ತು ಎತ್ತಿಕೊಂಡು ನೋಡುತ್ತಿದ್ದರೆ ಇವಳು ಪಾಲೊ ವರ್ಡೆ ಮರಗಳ ಬುಡದಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಕೊನೆಗೂ ಒಂದು ಸಿಕ್ಕಿತು. ಮುಷ್ಟಿಯಷ್ಟು ದಪ್ಪ, ಮೈತುಂಬ ಮುಳ್ಳು. "ಇದು ನನಗಿಂತ ದೊಡ್ಡದಾ ಚಿಕ್ಕದಾ?" ಅಂತ ಕೇಳಿದಳು. ವಯಸ್ಸಲ್ಲಿ ನಿನಗಿಂತ ದೊಡ್ಡದಿರಬೇಕು ಅಂದೆ. ಆಮೇಲೆ ಅದನ್ನು ಅಕ್ಕ ಅಂತಲೇ ಕರೆದಳು.

ಮಗನಿಗೆ ಗಿಡ, ಪ್ರಾಣಿ ಅಂದರೆ ಅಷ್ಟಕ್ಕಷ್ಟೇ. ಅವನಿಗೆ ಹಿಡಿಸಿದ್ದು ಬರ್ಡ್ ಬೇಲರ್ ಬರೆದ 'ಎವ್ರಿಬಡಿ ನೀಡ್ಸ್ ಎ ರಾಕ್'. ನಿನಗೇ ಅಂತ ಒಂದು ಕಲ್ಲನ್ನು ಹೇಗೆ ಆರಿಸಿಕೊಳ್ಳಬೇಕು ಅಂತ ಹೇಳುವ ಹತ್ತು ನಿಯಮಗಳು, ಅಷ್ಟೇ ಪುಸ್ತಕ. ಇಂಥ ಪುಸ್ತಕ ಪ್ರತಿ ಮನೆಯಲ್ಲೂ ಇರಬೇಕು ಅಂತ ನನಗನಿಸುತ್ತೆ. ಓಡಾಡುವ ಹುಡುಗ ನೆಲಕ್ಕೆ ಕೂತು ನೋಡೋದನ್ನು ಕಲಿತ. ಒಂದು ಮಾತು ಮಾತ್ರ ಮೊದಲೇ ಹೇಳಿಡಿ: ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಂದ ಕಲ್ಲು ತರುವ ಹಾಗಿಲ್ಲ. ಆರಿಸಬಹುದು, ಕೈಯಲ್ಲಿ ಹಿಡಿಯಬಹುದು, ಫೋಟೊ ತೆಗೆಯಬಹುದು, ಆಮೇಲೆ ಅಲ್ಲೇ ಇಡಬೇಕು. 'ರಾಕ್ಸಾಬಾಕ್ಸನ್' ಕೂಡ ಚೆನ್ನಾಗಿದೆ. ಆರಿಜೋನಾದ ಯೂಮಾದಲ್ಲಿ ಮಕ್ಕಳು ಕಲ್ಲು, ಹಳೇ ಪೆಟ್ಟಿಗೆ ಇಟ್ಟುಕೊಂಡು ಕಟ್ಟಿದ ಆಟದ ಊರಿನ ಕಥೆ.

'ದ ಲಿಟಲ್ ಪ್ರಿನ್ಸ್' ಎಲ್ಲರೂ ಹೇಳುವ ಪುಸ್ತಕ. ಅದು ಸಹಾರಾದ್ದು, ಆದರೂ ದೊಡ್ಡವನಿಗೆ ಓದಿಸಿದೆ. ತೀರ ಚಿಕ್ಕ ಮಕ್ಕಳಿಗೆ ಅವಸರ ಬೇಡ. ಕಥೆಗಿಂತ ಮೊದಲು ಅದನ್ನು ಬರೆದ ಸೇಂತ್ ಎಕ್ಸುಪೆರಿಯ ಬಗ್ಗೆ ಹೇಳಿದೆ. ಅವರು ಪೈಲಟ್. 1935ರಲ್ಲಿ ಅವರ ವಿಮಾನ ಮರುಭೂಮಿಯಲ್ಲಿ ಬಿತ್ತು. ಅವರೂ ಮೆಕ್ಯಾನಿಕ್ಕೂ ನೀರಿಲ್ಲದೆ ಸಾಯುವ ಸ್ಥಿತಿಗೆ ಬಂದಿದ್ದಾಗ ಮರುಭೂಮಿಯಲ್ಲೇ ಅಲೆದಾಡಿ ಬದುಕುವ ಬೆಡುಯಿನ್ ಅರಬರಲ್ಲಿ ಒಬ್ಬ ಬಂದು ಕಾಪಾಡಿದ. ಇದನ್ನು ಕೇಳಿದ ಮೇಲೆ ನೀರಿನ ಬಾಟಲಿ ತಗೋ ಅಂತ ನಾನು ಮಗನಿಗೆ ಹೇಳಬೇಕಾಗಲಿಲ್ಲ.

ಮಾಹಿತಿ ಪುಸ್ತಕ ಒಂದಿದ್ದರೆ ಸಾಕು, ಅದರಲ್ಲೂ ರಾತ್ರಿಯ ಬಗ್ಗೆ ಇರುವುದನ್ನು ಆರಿಸಿ. ಮರುಭೂಮಿ ಎದ್ದೇಳೋದೇ ಕತ್ತಲಾದ ಮೇಲೆ. ನಾವು ಮನೆಯಲ್ಲಿ ದೀಪ ಆರಿಸಿ, ಟಾರ್ಚ್ ಬೆಳಕಲ್ಲಿ ಓದುತ್ತಿದ್ದೆವು. ಕಾಂಗರೂ ಇಲಿ ನೀರು ಕುಡಿಯದೇ ಬದುಕಬಲ್ಲದು, ತಿಂದ ಒಣ ಬೀಜದಿಂದಲೇ ಅದರ ಮೈ ನೀರು ಮಾಡಿಕೊಳ್ಳುತ್ತೆ. ಗಾಳಿಯಲ್ಲಿ ತೇವ ಕಡಿಮೆ, ಮೋಡವೂ ಇಲ್ಲ, ಹಾಗಾಗಿ ಹಗಲಿನ ಕಾವು ರಾತ್ರಿ ಬೇಗ ಹೋಗಿಬಿಡುತ್ತೆ. ಚೇಳಿನ ಮೇಲೆ ಅಲ್ಟ್ರಾವೈಲೆಟ್ ಬೆಳಕು ಬಿಟ್ಟರೆ ಹಸಿರು-ನೀಲಿಯಾಗಿ ಹೊಳೆಯುತ್ತೆ. ಇದನ್ನು ಓದಿದ ಮೇಲೆ ಮಕ್ಕಳು ಬಿಡಲಿಲ್ಲ, ಅಲ್ಟ್ರಾವೈಲೆಟ್ ಟಾರ್ಚ್ ತಗೊಂಡೇ ಹೋದೆವು. ಉಳಿದುಕೊಂಡಿದ್ದ ಮನೆಯ ಕಾಂಪೌಂಡ್ ಗೋಡೆಯಲ್ಲಿ ಒಂದು ಸಿಕ್ಕಿತು. ದೂರದಿಂದಲೇ ನೋಡಿದೆವು. ಇಬ್ಬರೂ ಉಸಿರು ಬಿಗಿ ಹಿಡಿದು ನಿಂತಿದ್ದರು.

ಎಲ್ಲ ಪುಸ್ತಕವನ್ನೂ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ನಾನು ಬ್ಯಾಗಿಗೆ ಹಾಕಿದ್ದು 'ಕ್ಯಾಕ್ಟಸ್ ಹೋಟೆಲ್' ಒಂದನ್ನೇ. ಮಧ್ಯಾಹ್ನದ ಬಿಸಿಲಲ್ಲಿ ಹೇಗೂ ಹೊರಗೆ ಹೋಗೋಕಾಗಲ್ಲ. ಬೆಳಗ್ಗೆ ನೋಡಿದ್ದನ್ನೆಲ್ಲ ಆ ಹೊತ್ತಲ್ಲಿ ಮಕ್ಕಳು ಪುಟ ತಿರುಗಿಸಿ ಹುಡುಕುತ್ತಾರೆ. ಆಗ ನಾನು ಓದೋದು ಕಡಿಮೆ, ಅವರು ಹೇಳೋದು ಜಾಸ್ತಿ.