ಪಕ್ಕದ ಸೀಟಿನವರ ಬಡ್ತಿ ಮತ್ತು ನನ್ನ ಶುಕ್ರವಾರದ ನಾಲ್ಕು ಸಾಲು

"ಬೇರೆಯವರ ಜೊತೆ ಹೋಲಿಸಿಕೊಳ್ಳಬೇಡ" ಅಂತ ಹೇಳುವುದು ಸುಲಭ. ನನಗೂ ಬಹಳ ಜನ ಹೇಳಿದ್ದಾರೆ. ಹೇಳಿದವರಲ್ಲಿ ಅರ್ಧ ಜನ ನನಗಿಂತ ಜಾಸ್ತಿ ಹೋಲಿಸಿಕೊಳ್ಳುವವರು, ಅದು ಬೇರೆ ಮಾತು. ನನ್ನದು ಸಾಫ್ಟ್‌ವೇರ್ ಕೆಲಸ, ಹೆಚ್ಚಾಗಿ ಡೇಟಾಬೇಸ್ ಕಡೆಯದು. ನನ್ನ ಜೊತೆ ಕೆಲಸಕ್ಕೆ ಸೇರಿದವರು ಒಬ್ಬೊಬ್ಬರಾಗಿ ಸೀನಿಯರ್, ಲೀಡ್, ಮ್ಯಾನೇಜರ್ ಆಗುತ್ತಾ ಹೋದರು. ನಾನು ಪ್ರತಿ ಸಲ ಲಿಂಕ್ಡ್‌ಇನ್ ತೆರೆದು "ಅಭಿನಂದನೆ" ಅಂತ ಟೈಪ್ ಮಾಡಿ, ಆಮೇಲೆ ಅವರ ಪ್ರೊಫೈಲ್‌ಗೆ ಹೋಗಿ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು, ಆಗ ನಾನೆಲ್ಲಿದ್ದೆ ಅಂತ ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಆ ಚಾಳಿ ಈಗ ಬಹಳ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದಾರಿ ಸಿಕ್ಕಿದ್ದು ಒಂದು ಹಳೆಯ ವಿಚಾರದಿಂದ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದು: ತಾನು ಎಷ್ಟರಮಟ್ಟಿಗೆ ಸಮರ್ಥ ಅಂತ ತಿಳಿದುಕೊಳ್ಳುವ ಹಂಬಲ ಎಲ್ಲರಿಗೂ ಇರುತ್ತದೆ, ಅದನ್ನು ನೇರವಾಗಿ ಅಳೆಯಲು ಏನೂ ಸಿಗದಿದ್ದಾಗ ಮನುಷ್ಯ ಬೇರೆಯವರನ್ನು ನೋಡಿ ಅಳೆದುಕೊಳ್ಳುತ್ತಾನೆ. ಅದೂ ತನ್ನಂಥವರನ್ನೇ ಹುಡುಕಿ ನೋಡುತ್ತಾನೆ. ಕಂಪನಿ ಮಾಲೀಕರ ಸಂಬಳ ಕೇಳಿ ನನಗೆ ಎಂದೂ ಹೊಟ್ಟೆ ಉರಿದಿಲ್ಲ, ಪಕ್ಕದ ಸೀಟಿನವರದು ಕೇಳಿದರೆ ಉರಿಯುತ್ತಿತ್ತು. ಇದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟೇ: ಮನಸ್ಸಿಗೆ "ನೋಡಬೇಡ" ಅಂತ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅದಕ್ಕೆ ಅಳೆಯಲು ಬೇರೆ ಏನಾದರೂ ಕೊಡಬೇಕು.

ಹುದ್ದೆಯ ಹೆಸರಂತೂ ಅಳತೆಗೆ ಬರುವುದಿಲ್ಲ. ಒಂದು ಕಡೆ ಎರಡು ವರ್ಷಕ್ಕೆ ಸೀನಿಯರ್ ಅನ್ನುತ್ತಾರೆ, ಇನ್ನೊಂದು ಕಡೆ ಎಂಟು ವರ್ಷವಾದರೂ ಇಲ್ಲ. ದೊಡ್ಡ ಬ್ಯಾಂಕುಗಳಲ್ಲಿ ವೈಸ್ ಪ್ರೆಸಿಡೆಂಟ್ ಅಂದರೆ ಮಧ್ಯದ ಹಂತದ ಹುದ್ದೆ, ಹೊರಗಿನವರಿಗೆ ಅಧ್ಯಕ್ಷರ ಪಕ್ಕದ ಕುರ್ಚಿಯ ಹಾಗೆ ಕೇಳಿಸುತ್ತದೆ. ಇನ್ನು ಲಿಂಕ್ಡ್‌ಇನ್ ಫೀಡ್‌ನ ವಿಷಯ, ಅಂದರೆ ತೆರೆದ ಕೂಡಲೇ ಸಾಲಾಗಿ ಬರುವ ಪೋಸ್ಟ್‌ಗಳದು. ಬಡ್ತಿ ಸಿಕ್ಕವರು ಪೋಸ್ಟ್ ಹಾಕುತ್ತಾರೆ, ಸಂದರ್ಶನದ ಮೂರನೇ ಸುತ್ತಿನಲ್ಲಿ ಹೊರಬಿದ್ದವರು ಹಾಕುವುದಿಲ್ಲ. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ಒಂದು ತಮಾಷೆಯ ವಿಷಯ ತೋರಿಸಿದ್ದರು. ಹೆಚ್ಚಿನವರಿಗೆ ತಮಗಿಂತ ತಮ್ಮ ಸ್ನೇಹಿತರಿಗೇ ಸರಾಸರಿ ಜಾಸ್ತಿ ಸ್ನೇಹಿತರಿರುತ್ತಾರೆ, ಯಾಕಂದರೆ ಜಾಸ್ತಿ ಸ್ನೇಹಿತರಿರುವವರು ಜಾಸ್ತಿ ಜನರ ಪಟ್ಟಿಯಲ್ಲಿ ಇರುತ್ತಾರೆ. ಫೀಡ್‌ನಲ್ಲೂ ಹಾಗೇ ಅಲ್ವಾ? ಎಲ್ಲರ ಪಟ್ಟಿಯಲ್ಲಿರುವ, ದಿನವೂ ಬರೆಯುವ ಕೆಲವರನ್ನೇ ನೋಡಿ ನಾವು "ಎಲ್ಲರೂ ಮುಂದೆ ಹೋದರು" ಅಂದುಕೊಳ್ಳುತ್ತೇವೆ.

ಸರಿ, ನಾನು ಮಾಡಿದ್ದೇನು ಅಂದರೆ, ಪ್ರತಿ ಶುಕ್ರವಾರ ಕೆಲಸ ಮುಗಿಸುವ ಮುಂಚೆ ಒಂದು ಫೈಲಿನಲ್ಲಿ ನಾಲ್ಕು ಸಾಲು ಬರೆಯಲು ಶುರು ಮಾಡಿದೆ. ಸಮಸ್ಯೆ ಏನಿತ್ತು, ನಾನೇನು ಮಾಡಿದೆ, ಏನಾಯ್ತು, ಯಾರಿಗೆ ಉಪಯೋಗವಾಯ್ತು. ಒಂದು ಉದಾಹರಣೆ: "ತಿಂಗಳ ಕೊನೆಯ ವರದಿ ತೆರೆಯಲು 40 ಸೆಕೆಂಡ್ ಹಿಡಿಯುತ್ತಿತ್ತು. ಕ್ವೆರಿ ಪ್ಲಾನ್ (ಡೇಟಾಬೇಸ್ ಮಾಹಿತಿಯನ್ನು ಹೇಗೆ ಹುಡುಕುತ್ತದೆ ಎಂಬ ವಿವರ) ನೋಡಿದರೆ ಪೂರ್ತಿ ಟೇಬಲ್ ಓದುತ್ತಿದೆ. ದಿನಾಂಕ ಮತ್ತು ಗ್ರಾಹಕ ಸಂಖ್ಯೆ ಸೇರಿಸಿ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಹಾಕಿದೆ, ಈಗ 2 ಸೆಕೆಂಡ್. ಲೆಕ್ಕಪತ್ರದ ತಂಡ ಇದನ್ನೇ ಕಾಯುತ್ತಿತ್ತು." ಇಷ್ಟೇ. ಚೆನ್ನಾಗಿ ಬರೆಯಬೇಕಿಲ್ಲ. "ಈ ವಾರ ಕಷ್ಟಪಟ್ಟೆ" ಅಂತ ಮಾತ್ರ ಬರೆಯಬಾರದು, ಅದರಿಂದ ಆರು ತಿಂಗಳ ಮೇಲೆ ಏನೂ ಗೊತ್ತಾಗುವುದಿಲ್ಲ. ಏನೂ ಬರೆಯಲು ಸಿಗದ ವಾರಗಳೂ ಇದ್ದವು, ಸುಮ್ನೆ ಮೀಟಿಂಗ್‌ನಲ್ಲಿ ಕಳೆದವು. ಅದನ್ನೂ ಹಾಗೇ ಬರೆದೆ, ಅಂಥ ವಾರಗಳು ಸಾಲಾಗಿ ಬಂದರೆ ಅದೂ ಒಂದು ಸುದ್ದಿಯೇ.

ಇದಕ್ಕಿಂತ ಜಾಸ್ತಿ ಕಣ್ಣು ತೆರೆಸಿದ್ದು ಹಳೆಯ ಕೋಡ್ ರಿವ್ಯೂಗಳು. ನಮ್ಮಲ್ಲಿ ಯಾರೇ ಕೋಡ್ ಬರೆದರೂ ಇನ್ನೊಬ್ಬರು ನೋಡಿ ಟಿಪ್ಪಣಿ ಹಾಕಬೇಕು, ಅವೆಲ್ಲ ವರ್ಷಗಟ್ಟಲೆ ಉಳಿದಿರುತ್ತವೆ. ಒಂದು ಮಧ್ಯಾಹ್ನ ಕೂತು ನನ್ನ ಮೊದಲಿನ ವರ್ಷದವನ್ನು ತೆಗೆದೆ. "ಈ ಹೆಸರು ಅರ್ಥವಾಗುತ್ತಿಲ್ಲ", "ಇಲ್ಲಿ ಡೇಟಾ ಖಾಲಿ ಬಂದರೆ?", "ಟೆಸ್ಟ್ ಎಲ್ಲಿ?" ಬರೀ ಇಂಥವೇ. ಇತ್ತೀಚಿನವನ್ನು ತೆಗೆದರೆ ಟಿಪ್ಪಣಿಗಳ ಸಂಖ್ಯೆ ಏನೂ ಕಡಿಮೆಯಾಗಿಲ್ಲ. ಆದರೆ ಅವುಗಳ ಜಾತಿಯೇ ಬೇರೆ: "ಎರಡು ಸರ್ವರ್ ಒಟ್ಟಿಗೆ ಇದನ್ನೇ ಬರೆಯಲು ಹೋದರೆ?", "ಈ ಬದಲಾವಣೆಯನ್ನು ಹಿಂದಕ್ಕೆ ತೆಗೆಯಬೇಕಾದರೆ ಹೇಗೆ?" ಕೆಲವು ಕಡೆ ಸೀನಿಯರ್ ಒಬ್ಬರು "ನಿಮ್ಮ ಅಭಿಪ್ರಾಯವೇನು?" ಅಂತ ನನ್ನನ್ನೇ ಕೇಳಿದ್ದರು. ಜನ ನನ್ನನ್ನು ಕೇಳುವ ಪ್ರಶ್ನೆ ಬದಲಾಗಿದೆ ಅಂದರೆ ನಾನು ಬೆಳೆದಿದ್ದೇನೆ. ಇದು ಯಾವ ಪ್ರೊಫೈಲ್‌ನಲ್ಲೂ ಕಾಣುವುದಿಲ್ಲ. ಶಿಕ್ಷಕರು, ನರ್ಸ್‌ಗಳು, ಅಕೌಂಟೆಂಟ್‌ಗಳು ಯಾರೇ ಆಗಲಿ, ಮೇಲಿನವರು ತಿದ್ದಿಕೊಟ್ಟ ಹಳೆಯ ಕಾಗದ, ಹಳೆಯ ಇಮೇಲ್ ಹುಡುಕಿದರೆ ಇಂಥದ್ದು ಸಿಕ್ಕೇ ಸಿಗುತ್ತದೆ.

ಹೊಟ್ಟೆಕಿಚ್ಚನ್ನು ಏನು ಮಾಡುವುದು? ನಾನು ಅದನ್ನು ಓಡಿಸಲು ಹೋಗಲಿಲ್ಲ, ವಿಚಾರಿಸಲು ಹೋದೆ. ಲೀಡ್ ಆಗಿದ್ದ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ, "ನಿಮ್ಮ ಒಂದು ವಾರ ಹೇಗಿರುತ್ತೆ, ಸ್ವಲ್ಪ ಹೇಳ್ತೀರಾ?" ಅಂದೆ. ಪಾಪ, ಯಾರೂ ಕೇಳಿರಲಿಲ್ಲವೇನೋ, ಅರ್ಧ ಗಂಟೆ ಹೇಳಿದರು. ದಿನಕ್ಕೆ ನಾಲ್ಕೈದು ಮೀಟಿಂಗ್, ಇಬ್ಬರ ಜಗಳ ಬಿಡಿಸುವುದು, ರಾತ್ರಿ ಸರ್ವರ್ ಬಿದ್ದರೆ ಮೊದಲ ಫೋನ್ ಅವರಿಗೇ, ಕೋಡ್ ಬರೆದು ತಿಂಗಳುಗಳಾಗಿವೆ. ನನಗೆ ಬೇಕಿದ್ದದ್ದು ಆ ಹುದ್ದೆಯ ಹೆಸರು ಮತ್ತು ಸಂಬಳ, ಆ ವಾರ ಬೇಕಿರಲಿಲ್ಲ. ಅದು ಗೊತ್ತಾದ ಮೇಲೆ ಅವರ ಬಗ್ಗೆ ಇದ್ದ ಉರಿ ಹೋಯ್ತು. ಇನ್ನೊಬ್ಬರ ವಿಷಯದಲ್ಲಿ ಉಲ್ಟಾ ಆಯ್ತು. ಅವರು ಡೇಟಾಬೇಸ್‌ಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸದಲ್ಲಿದ್ದರು, ಕೇಳುತ್ತಾ ಕೇಳುತ್ತಾ ನನಗೂ ಅದೇ ಬೇಕು ಅನ್ನಿಸಿತು. ಆಮೇಲಿನ ತಿಂಗಳುಗಳಲ್ಲಿ ನಮ್ಮ ತಂಡದಲ್ಲಿ ಅಂಥ ಕೆಲಸ ಬಂದಾಗಲೆಲ್ಲ ಕೈ ಎತ್ತಿದೆ. ಅವರಿಗೆ ಈಗಲೂ ಆಗಾಗ ಅನುಮಾನ ಕೇಳುತ್ತಿರುತ್ತೇನೆ.

ಫೀಡ್‌ನಲ್ಲಿ ಕೆಲವರನ್ನು ಮ್ಯೂಟ್ ಮಾಡಿದೆ. ಸ್ವಲ್ಪ ಉಪಯೋಗವಾಯ್ತು, ಜಾಸ್ತಿ ಏನಿಲ್ಲ.

ಮ್ಯಾನೇಜರ್ ಹತ್ತಿರ ಮಾತಾಡುವ ರೀತಿ ಬದಲಾಯಿಸಿದ್ದು ಮಾತ್ರ ಬಹಳ ಉಪಯೋಗಕ್ಕೆ ಬಂತು. ಮೊದಲು "ಅವರಿಗೆ ಕೊಟ್ಟಿದ್ದೀರಿ, ನನಗೆ ಯಾಕಿಲ್ಲ?" ಎಂಬ ಧಾಟಿಯಲ್ಲಿ ಶುರುವಾಗುತ್ತಿತ್ತು. ಅದಕ್ಕೆ ಬರುವ ಉತ್ತರ ಆ ಇನ್ನೊಬ್ಬರ ಬಗ್ಗೆಯೇ ಇರುತ್ತಿತ್ತು. ಈಗ ಕೇಳುವುದು, "ಮುಂದಿನ ಹಂತದವರು ಮಾಡುವ ಯಾವ ಕೆಲಸ ನಾನು ಇನ್ನೂ ಮಾಡುತ್ತಿಲ್ಲ?" ಉತ್ತರ ಬಂದ ಮೇಲೆ ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ "ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನಾ?" ಅಂತ ಕೇಳುತ್ತೇನೆ. ವರ್ಷದ ಮೌಲ್ಯಮಾಪನಕ್ಕೆ ಶುಕ್ರವಾರದ ಸಾಲುಗಳು ಕೈಗೆ ಸಿಗುತ್ತವೆ. ಮ್ಯಾನೇಜರ್‌ಗಳಿಗೆ ಕೊನೆಯ ಒಂದೆರಡು ತಿಂಗಳು ಮಾತ್ರ ನೆನಪಿರುತ್ತೆ, ನಮಗೂ ಅಷ್ಟೇ.

ಒಂದು ಕಡೆ ಮಾತ್ರ ಹೋಲಿಸಲೇಬೇಕು, ಸಂಬಳದಲ್ಲಿ. "ನನ್ನ ಪಾಡಿಗೆ ನಾನು ಬೆಳೆಯುತ್ತೇನೆ" ಅಂತ ಕಣ್ಣು ಮುಚ್ಚಿ ಕೂತರೆ ಲಾಭ ಕಂಪನಿಗೆ. ಇದೇ ಕೆಲಸಕ್ಕೆ ಹೊರಗೆ ಎಷ್ಟು ಕೊಡುತ್ತಾರೆ ಅಂತ ವರ್ಷಕ್ಕೊಮ್ಮೆ ತಿಳಿದುಕೊಳ್ಳುವುದು ಹೊಟ್ಟೆಕಿಚ್ಚಲ್ಲ. ಯುರೋಪಿಯನ್ ಒಕ್ಕೂಟವಂತೂ 2023ರಲ್ಲಿ ಇದಕ್ಕಾಗಿಯೇ ಒಂದು ನಿರ್ದೇಶನ ತಂದಿತು: ಅರ್ಜಿ ಹಾಕಿದವರಿಗೆ ಸಂಬಳ ಎಷ್ಟು ಅಥವಾ ಎಷ್ಟರಿಂದ ಎಷ್ಟರವರೆಗೆ ಅಂತ ಮೊದಲೇ ತಿಳಿಸಬೇಕು, ಹಿಂದಿನ ಸಂಬಳ ಎಷ್ಟು ಅಂತ ಕೇಳುವ ಹಾಗಿಲ್ಲ. ನಾನು ಜಾಹೀರಾತುಗಳಲ್ಲಿ ಸಿಕ್ಕ ಅಂಕಿಗಳನ್ನೂ ಬಾಯಿಬಿಟ್ಟು ಹೇಳಿದ ಇಬ್ಬರು ಗೆಳೆಯರ ಅಂಕಿಗಳನ್ನೂ ಒಂದು ಕಡೆ ಬರೆದುಕೊಂಡು, ಯಾರ ಹೆಸರೂ ಎತ್ತದೆ, ನನ್ನ ಶುಕ್ರವಾರದ ಫೈಲನ್ನು ಮುಂದಿಟ್ಟು ಮಾತಾಡಿದೆ. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿತು. ಉಳಿದ ಕಾಲು ಪಾಲಿಗೆ ಇನ್ನೇನು ಮಾಡಿ ತೋರಿಸಬೇಕು ಅಂತ ಕೇಳಿ ಇಮೇಲ್ ಹಾಕಿದ್ದೇನೆ, ಉತ್ತರ ಬರಬೇಕು.