ಬಾಯಿ ಖಾಲಿಯಾಗೋವರೆಗೂ ಕಲಸ್ಬೇಡಿ: ನಿಧಾನವಾಗಿ ಊಟ ಮಾಡೋದು ಹೇಗೆ

ನಿಧಾನಕ್ಕೆ ತಿನ್ನಿ, ಚೆನ್ನಾಗಿ ಅಗಿದು ತಿನ್ನಿ ಅಂತ ಎಲ್ರೂ ಹೇಳ್ತಾರೆ, ಹೇಗೆ ಅಂತ ಕೇಳಿದ್ರೆ ಮಾತ್ರ ಸುಮ್ನಾಗ್ತಾರೆ. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಪ್ರತಿ ತುತ್ತಿಗೂ ಫೋರ್ಕ್ ಕೆಳಗಿಡಿ ಅಂತ ಬರತ್ತೆ. ಅನ್ನ ಸಾರು ತಿನ್ನೋ ನಾವು ಏನನ್ನ ಕೆಳಗಿಡೋದು?

ಒಂದ್ಸಲ ಮನೇಲಿ ಯಾರಾದ್ರೂ ಊಟ ಮಾಡ್ತಿರೋವಾಗ ಅವರ ಕೈ ನೋಡಿ. ಬಾಯಲ್ಲಿ ಅರ್ಧ ತುತ್ತು ಇನ್ನೂ ಇದೆ, ಅಷ್ಟರಲ್ಲೇ ಬೆರಳು ಮುಂದಿನ ತುತ್ತು ಕಲಸಿ ರೆಡಿ ಮಾಡ್ಕೊಂಡು ಕಾಯ್ತಿರತ್ತೆ, ಕೈಯಲ್ಲಿ ತುತ್ತು ರೆಡಿ ಇದ್ಮೇಲೆ ಬಾಯಲ್ಲಿರೋದನ್ನ ಹಾಗೇ ನುಂಗಿಬಿಡ್ತೀವಿ. ಹಂಗಾಗಿ ಅಗಿಯೋದನ್ನ ಎಣಿಸ್ತಾ ಕೂರೋದು ಬೇಡ, ಮೊದ್ಲು ಕೈ ನಿಲ್ಸಿ. ಬಾಯಿ ಪೂರ್ತಿ ಖಾಲಿಯಾಗೋವರೆಗೂ ಬೆರಳು ತಟ್ಟೆ ಅಂಚಲ್ಲಿ ಸುಮ್ನೆ ಇರ್ಲಿ, ಆಮೇಲೆ ಕಲಸಿ. ಶುರುವಲ್ಲಿ ಕೈ ತಾನಾಗೇ ಅನ್ನದ ಕಡೆ ಹೋಗತ್ತೆ, ಹೋದ್ರೆ ವಾಪಸ್ ತಗೊಳ್ಳಿ ಅಷ್ಟೇ.

ಎರಡನೇದು, ಅನ್ನದ ಗುಡ್ಡೆ ಮೇಲೆ ಎರಡು ಸೌಟು ಸಾರು ಸುರ್ಕೊಂಡು ಒಟ್ಟಿಗೆ ಕಲಸೋದನ್ನ ಬಿಡಿ. ಒಂದು ಪಕ್ಕದಿಂದ ಮೂರ್ನಾಲ್ಕು ತುತ್ತಿಗಾಗೋಷ್ಟು ಅನ್ನ ಎಳ್ಕೊಂಡು ಅಷ್ಟಕ್ಕೆ ಮಾತ್ರ ಸಾರು ಹಾಕ್ಕೊಳ್ಳಿ. ಒಂದೇ ರುಚಿ ಒಂದೇ ವಾಸನೆ ಸತತವಾಗಿ ಬರ್ತಿದ್ರೆ ನಾಲಿಗೆ ಮೂಗು ಎರಡೂ ಅದಕ್ಕೆ ಒಗ್ಗಿಹೋಗತ್ತೆ, ಮೊದಲ ಎರಡು ಮೂರು ತುತ್ತಲ್ಲಿರೋ ಖುಷಿ ಆಮೇಲೆ ಇರಲ್ಲ. ಮಧ್ಯದಲ್ಲಿ ಒಂಚೂರು ಪಲ್ಯ, ಸ್ವಲ್ಪ ಕೋಸಂಬರಿ, ನಾಲಿಗೆಗೆ ತಾಗಿಸೋಷ್ಟು ಉಪ್ಪಿನಕಾಯಿ ತಿಂದು ವಾಪಸ್ ಬಂದ್ರೆ ಅದೇ ಸಾರು ಮತ್ತೆ ಹೊಸದಾಗಿ ಸಿಗತ್ತೆ. ಬಾಳೆಲೆ ಊಟದಲ್ಲಿ ಅಷ್ಟೊಂದು ಐಟಂ ಚೂರು ಚೂರೇ ಬಡಿಸ್ತಾರಲ್ಲ, ಅದನ್ನ ಒಂದೊಂದಾಗಿ ಖಾಲಿ ಮಾಡ್ತಾ ಹೋಗೋರನ್ನ ನೋಡಿದ್ರೆ ನಂಗೆ ಬೇಜಾರಾಗತ್ತೆ, ಎಲೆ ತುಂಬಾ ಸುತ್ತಾಡ್ಕೊಂಡು ತಿನ್ನಬೇಕು ಅದನ್ನ.

ಇನ್ನು ಮೂಗಿನ ವಿಷ್ಯ. ನಾವು ರುಚಿ ಅನ್ನೋದ್ರಲ್ಲಿ ದೊಡ್ಡ ಪಾಲು ವಾಸನೇದು, ಅಗಿಯೋವಾಗ ಗಂಟಲ ಹಿಂದಿನಿಂದ ಮೂಗಿಗೆ ಏರೋ ವಾಸನೆ. ನಂಬಿಕೆ ಬರದಿದ್ರೆ ಮೂಗು ಗಟ್ಟಿಯಾಗಿ ಹಿಡ್ಕೊಂಡು ಒಂದು ಚಮಚ ತಿಳಿಸಾರು ಬಾಯಿಗೆ ಹಾಕ್ಕೊಳ್ಳಿ. ಉಪ್ಪು, ಹುಳಿ, ಖಾರ ಗೊತ್ತಾಗತ್ತೆ, ಅಷ್ಟೇ. ಮೂಗು ಬಿಟ್ಟ ತಕ್ಷಣ ಇಂಗು, ಜೀರಿಗೆ, ಕರಿಬೇವು, ಕೊತ್ತಂಬರಿ ಎಲ್ಲ ಒಟ್ಟಿಗೆ ಬರತ್ತೆ. ಗಬಗಬ ನುಂಗಿದ್ರೆ ಆ ವಾಸನೆಗೆ ಮೇಲೇರೋಕೆ ಟೈಮೇ ಸಿಗಲ್ಲ. ಹಂಗಾಗಿ ಬಾಯಿ ಮುಚ್ಕೊಂಡು ಅಗೀರಿ, ನುಂಗಿದ್ಮೇಲೆ ಒಂದ್ಸಲ ಮೂಗಿಂದ ನಿಧಾನಕ್ಕೆ ಉಸಿರು ಬಿಡಿ. ಇನ್ನೊಂದು ಟೆಸ್ಟ್ ಇದೆ, ಬರೀ ಅನ್ನದ ಒಂದು ಸಣ್ಣ ತುತ್ತು ಬಾಯಲ್ಲಿಟ್ಕೊಂಡು ತುಂಬಾ ಹೊತ್ತು ಅಗೀರಿ, ಮೆಲ್ಲಗೆ ಸಿಹಿ ಆಗತ್ತೆ, ಎಂಜಲಲ್ಲಿರೋ ಅಮೈಲೇಸ್ ಅನ್ನೋ ಎಂಜೈಮ್ ಪಿಷ್ಟನ ಒಡೆದು ಸಕ್ಕರೆ ಮಾಡೋದ್ರಿಂದ ಹಾಗೆ.

ಅಗಿಯೋದ್ರ ಬಗ್ಗೆ ಅತಿರೇಕಕ್ಕೆ ಹೋದೋರೂ ಇದಾರೆ. ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ ಅಂತ ಒಬ್ಬ ಇದ್ದ, 1919ರಲ್ಲಿ ತೀರ್ಕೊಂಡ, ತಿಂದಿದ್ದು ಬಾಯಲ್ಲೇ ನೀರಾಗೋವರೆಗೂ ಅಗೀಬೇಕು ಅಂತ ಪ್ರಚಾರ ಮಾಡಿ ಫೇಮಸ್ ಆಗಿದ್ದ. ಅವನನ್ನ ಕರ್ಕೊಂಡು ಬಂದು ಮಂಡ್ಯದಲ್ಲಿ ಒಂದು ರಾಗಿಮುದ್ದೆ ಮುಂದೆ ಕೂರಿಸ್ಬೇಕಿತ್ತು ಅನ್ಸತ್ತೆ ನಂಗೆ. ಮುದ್ದೆ ಅಗಿಯೋದೇ ಇಲ್ಲ, ಅಗಿದ್ರೆ ಹಲ್ಲಿಗೆ ಅಂಟತ್ತೆ, ಮುರಿದು ಸಾರಲ್ಲಿ ಅದ್ದಿ ನುಂಗೋದು. ಹಾಗಂತ ಮುದ್ದೆನ ಗಮನ ಕೊಟ್ಟು ತಿನ್ನೋಕಾಗಲ್ಲ ಅಂತಲ್ಲ, ಸಣ್ಣದಾಗಿ ಮುರೀರಿ, ಬಸ್ಸಾರೋ ಉಪ್ಸಾರೋ ಅದು ನಾಲಿಗೆ ಮೇಲೆ ಒಂದು ಕ್ಷಣ ನಿಲ್ಲೋಕೆ ಬಿಡಿ, ಆಮೇಲೆ ನುಂಗಿ. ಆದ್ರೆ ಆರೋಕೆ ಮಾತ್ರ ಬಿಡ್ಬೇಡಿ, ಆರಿದ ಮುದ್ದೆ ಗಟ್ಟಿಯಾಗತ್ತೆ. ದೋಸೆನೂ ಅಷ್ಟೇ, ಮೆತ್ತಗಾಗೋವಷ್ಟು ನಿಧಾನ ಮಾಡಿದ್ರೆ ದೋಸೆಗೆ ಅವಮಾನ. ಜೋಳದ ಖಡಕ್ ರೊಟ್ಟಿ ತಿನ್ನೋರಿಗೆ ಈ ಪಾಠನೇ ಬೇಕಾಗಿಲ್ಲ, ರೊಟ್ಟಿನೇ ನಿಧಾನ ಮಾಡಿಸ್ತದೆ.

ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ ಮೆಡಿಕಲ್ ಸ್ಕೂಲಲ್ಲಿ ಜಾನ್ ಕಬಾಟ್ ಝಿನ್ ಅನ್ನೋರು 1979ರಲ್ಲಿ ಸ್ಟ್ರೆಸ್ ಕಮ್ಮಿ ಮಾಡೋಕೆ ಒಂದು ಕೋರ್ಸ್ ಶುರು ಮಾಡಿದ್ರು, ಅದ್ರಲ್ಲಿ ಒಂದೇ ಒಂದು ಒಣದ್ರಾಕ್ಷಿನ ನೋಡಿ, ಮುಟ್ಟಿ, ಮೂಸಿ, ನಾಲಿಗೆ ಮೇಲಿಟ್ಕೊಂಡು, ಎಲ್ಲ ಆದ್ಮೇಲೆ ಕಚ್ಚೋ ಅಭ್ಯಾಸ ಮಾಡಿಸ್ತಾರೆ. ಒಂದು ಚೂರು ಮೈಸೂರ್ ಪಾಕ್ ಜೊತೆ ಟ್ರೈ ಮಾಡಿ, ಮಜಾ ಇದೆ. ಇಡೀ ಊಟ ಹಂಗೆ ಮಾಡೋಕೆ ಹೋದ್ರೆ ಸಾರು ತಣ್ಣಗಾಗತ್ತೆ, ಮನೆಯೋರಿಗೆ ಸಿಟ್ಟೂ ಬರತ್ತೆ.

ಮೊಬೈಲ್ ಬೇರೆ ರೂಮಲ್ಲಿರ್ಲಿ, ಇದ್ರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಮಾತಾಡ್ಕೊಂಡು ತಿನ್ನೋದು ನನ್ನ ಪ್ರಕಾರ ತಪ್ಪಲ್ಲ, ಮಾತಾಡೋವಾಗ ಕೈ ತಾನಾಗೇ ನಿಲ್ಲತ್ತೆ. ತುಂಬಾ ಹಸ್ಕೊಂಡು ಊಟಕ್ಕೆ ಕೂತ್ರೆ ಯಾವ ಉಪಾಯನೂ ನಡಿಯಲ್ಲ, ಲೇಟಾಗತ್ತೆ ಅಂತ ಗೊತ್ತಿದ್ರೆ ಮೊದ್ಲೇ ಒಂದು ಬಾಳೆಹಣ್ಣು ತಿಂದಿರಿ. ಖಾರ ಜಾಸ್ತಿ ಆದ್ರೆ ನೀರು ಕುಡಿದು ಉಪಯೋಗ ಇಲ್ಲ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಲ್ಲಿ ಸರಿಯಾಗಿ ಕರಗಲ್ಲ, ಒಂದು ಚಮಚ ಮೊಸರು ತಗೊಳ್ಳಿ.

ಇನ್ನೊಂದ್ಸಲ ಬಡಿಸ್ಕೊಳ್ಳೋಕೆ ಮುಂಚೆ ಸ್ವಲ್ಪ ತಡೀರಿ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟೋಕೆ ಸುಮಾರು 20 ನಿಮಿಷ ಬೇಕು ಅಂತಾರೆ, 10 ನಿಮಿಷದಲ್ಲಿ ಊಟ ಮುಗಿಸೋರಿಗೆ ಸಾಕು ಅನ್ಸೋದು ಕೈ ತೊಳೆದ್ಮೇಲೇ. ಆಫೀಸಲ್ಲಿ ಲಂಚ್‌ಗೆ ಅಷ್ಟು ಟೈಮ್ ಎಲ್ಲಿ ಅಂದ್ರೆ ಡಬ್ಬಿಯ ಮೊದಲ ಐದು ತುತ್ತಾದ್ರೂ ಹೀಗೆ ತಿನ್ನಿ, ಉಳಿದಿದ್ದು ಹೆಂಗೋ ಆಗ್ಲಿ.

ಮದುವೆ ಊಟದಲ್ಲಿ ಮಾತ್ರ ಇದ್ಯಾವುದೂ ನಡಿಯಲ್ಲ. ಅನ್ನ ಮುಗಿಯೋಕೆ ಮುಂಚೆ ಮಜ್ಜಿಗೆ ಬಂದಿರತ್ತೆ, ಮುಂದಿನ ಪಂಕ್ತಿಯೋರು ನಿಮ್ಮ ಕುರ್ಚಿ ಹಿಡ್ಕೊಂಡೇ ನಿಂತಿರ್ತಾರೆ. ಅಲ್ಲಿ ಹೋಳಿಗೆಗೊಂದು ಟೈಮ್ ಕೊಡಿ, ಮಿಕ್ಕಿದ್ದು ಬೇಗ ಮುಗ್ಸಿ ಎದ್ಬಿಡಿ.