ಗೀರುಗಳಿಂದ ಮುಖ ಕಟ್ಟುವುದು: ಎಲ್‌ಪಿ ಪ್ರಿಯರಿಗೊಂದು ಸ್ಕ್ರೀನ್ ಪ್ರಿಂಟ್ ಪಾಠ

ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಸಂಗ್ರಹಿಸುವವರು ತಮ್ಮ ಭಾವಚಿತ್ರ ಮಾಡಲು ಹೊರಟರೆ ಸಾಮಾನ್ಯವಾಗಿ ಮುಖ ಬರೆದು ಕೈಗೊಂದು ತಟ್ಟೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ರಾಶಿ ಕೆದಕುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಹೊದಿಕೆಯ ಮೇಲಿನ ಸವೆತ: ಒಳಗಿನ ತಟ್ಟೆ ವರ್ಷಗಟ್ಟಲೆ ಒತ್ತಿ ಮೂಡಿಸಿದ ಉಂಗುರ, ಮೂಲೆಯಲ್ಲಿ ಹಿಂದಿನ ಒಡೆಯರು ಶಾಯಿಯಲ್ಲಿ ಬರೆದ ಹೆಸರು. ಭಾವಚಿತ್ರ ಹುಟ್ಟಬೇಕಾದದ್ದು ಅವುಗಳಿಂದಲೇ. ಅದನ್ನು ಸ್ಕ್ರೀನ್ ಪ್ರಿಂಟ್‌ನಲ್ಲಿ, ಅಂದರೆ ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಕಾಗದಕ್ಕೆ ಇಂಕು ಇಳಿಸಿ, ಮಾಡುವ ಬಗೆ ಹೀಗೆ.

250 ಜಿಎಸ್‌ಎಂ ದಪ್ಪದ ಕಾಗದವನ್ನು 31 ಸೆಂ.ಮೀ. ಚೌಕಕ್ಕೆ ಕತ್ತರಿಸಿ. ಎಲ್‌ಪಿ ಹೊದಿಕೆಯ ಅಳತೆ ಸುಮಾರು ಅಷ್ಟೇ. ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳುವಂತೆ ಕುಳಿತು ಫೋಟೊ ತೆಗೆಸಿಕೊಂಡು ಕಪ್ಪು ಬಿಳುಪಿಗೆ ಬದಲಿಸಿ.

ಇನ್ನು ಮುಖ್ಯ ಕೆಲಸ. ಜಿಂಪ್‌ನಂತಹ ತಂತ್ರಾಂಶದಲ್ಲಿ ಫೋಟೊದ ಮೇಲೆ ಇನ್ನೊಂದು ಪದರ ತೆರೆದು, ಅಂಚು ಮಸುಕಾದ ಕಪ್ಪು ಬಿಳಿ ಉಂಗುರಗಳನ್ನು 2 ಮಿ.ಮೀ. ಅಂತರದಲ್ಲಿ ತುಂಬಿಸಿ. ಉಂಗುರಗಳ ಕೇಂದ್ರ ನಿಮ್ಮ ಒಂದು ಕಣ್ಣಿನ ಪಾಪೆಯ ಮೇಲಿರಲಿ. ಕಾಗದದ ನಡುವೆ ಇಟ್ಟರೆ ಮುಖ ಗುರಿಫಲಕದಂತೆ ಕಾಣುತ್ತದೆ. ಆ ಪದರವನ್ನು ಶೇ. 50ರಷ್ಟು ಪಾರದರ್ಶಕ ಮಾಡಿ, ಎರಡನ್ನೂ ಸೇರಿಸಿ, ಥ್ರೆಶೋಲ್ಡ್ ಅನ್ನು (ಬೂದು ಛಾಯೆಗಳನ್ನು ಅಚ್ಚ ಕಪ್ಪು ಇಲ್ಲವೇ ಬಿಳಿಯಾಗಿಸುವ ಮಿತಿ) ಸರಿಯಾಗಿ ಮಧ್ಯಕ್ಕಿಡಿ. ನೆರಳಿರುವಲ್ಲಿ ಗೀರು ಉಬ್ಬುತ್ತದೆ, ಬೆಳಕಿರುವಲ್ಲಿ ಕೂದಲೆಳೆಯಾಗುತ್ತದೆ. ತೀರಾ ತೆಳುವಾದ ಎಳೆಗಳು ಸ್ಕ್ರೀನ್ ತೊಳೆಯುವಾಗ ಉಳಿಯುವುದಿಲ್ಲ. ಅದಕ್ಕಾಗಿ ಫೋಟೊದ ಕಾಂಟ್ರಾಸ್ಟನ್ನು ಮೊದಲೇ ತಗ್ಗಿಸಿ.

ಗೀರುಗಳಿಗೆ 77ರ ಮೆಶ್ (ಸೆಂ.ಮೀ.ಗೆ 77 ಎಳೆಗಳ ಜಾಲರಿ) ಬೇಕು, ಕಣ್ಣಿನ ಸುತ್ತ ಬರುವ ಬಣ್ಣದ ವೃತ್ತಕ್ಕೆ 43 ಸಾಕು. ಸ್ಕ್ರೀನಿಗೆ ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಬಳಿಯುವಾಗ ಕೋಣೆಯಲ್ಲಿ ಹಳದಿ ಬಲ್ಬು ಮಾತ್ರ ಉರಿಯಲಿ. ಎಕ್ಸ್‌ಪೋಶರ್‌ನ (ಚಿತ್ರದ ಪಾರದರ್ಶಕ ಹಾಳೆಯನ್ನು ಸ್ಕ್ರೀನ್ ಮೇಲಿಟ್ಟು ಬೆಳಕು ತಾಗಿಸುವ) ಸಮಯ ನಿಮ್ಮ ದೀಪವನ್ನೇ ಅವಲಂಬಿಸುತ್ತದೆ, ಆದ್ದರಿಂದ ರಟ್ಟನ್ನು ಹಂತಹಂತವಾಗಿ ಸರಿಸುತ್ತಾ ಒಂದು ಪರೀಕ್ಷಾ ಪಟ್ಟಿ ಮಾಡಿಕೊಳ್ಳಿ.

ಮೊದಲು ಕಣ್ಣಿನ ಸುತ್ತ 10 ಸೆಂ.ಮೀ. ವ್ಯಾಸದ ವೃತ್ತವನ್ನು ಮಾಸಿದ ಕೆಂಪಿನಲ್ಲಿ ಅಚ್ಚು ಹಾಕಿ. ಎಲ್‌ಪಿ ಲೇಬಲ್ಲಿನ ಅಳತೆಯೂ ಅದೇ. ಯಾವ ಕಂಪನಿಯ ಲಾಂಛನವನ್ನೂ ನಕಲು ಮಾಡಬೇಡಿ. ಆ ಜಾಗದಲ್ಲಿ ನಿಮ್ಮ ಹೆಸರು, ಹುಟ್ಟಿದ ವರ್ಷ ಬರಲಿ. ಅದು ಒಣಗಿದ ಮೇಲೆ ಮ್ಯಾಟ್ ಕಪ್ಪಿನಲ್ಲಿ ಗೀರುಗಳು. ಸ್ಕ್ರೀನ್ ಮತ್ತು ಕಾಗದದ ನಡುವೆ 3 ಮಿ.ಮೀ. ಅಂತರ ಇರಬೇಕು, ಫ್ರೇಮಿನ ಮೂಲೆಗಳ ಕೆಳಗೆ ಎರಡೆರಡು ಒಂದು ರೂಪಾಯಿ ನಾಣ್ಯ ಇಟ್ಟರಾಯಿತು. ನೀರಿನಲ್ಲಿ ಕರಗುವ ಇಂಕು ಬೇಸಿಗೆಯಲ್ಲಿ ಮೆಶ್‌ನೊಳಗೇ ಒಣಗುತ್ತದೆ. ಪ್ರತಿ ಸಲ ಸ್ಕ್ವೀಜಿ (ಇಂಕು ಎಳೆಯುವ ರಬ್ಬರ್ ಪಟ್ಟಿ) ಎಳೆದ ಕೂಡಲೇ ಸ್ಕ್ರೀನ್ ಮೇಲೆ ಮತ್ತೆ ಇಂಕು ಹರಡಿ.

ನನಗೆ ಅತಿ ಪ್ರಿಯವಾದ ಹಂತ ಇದು: ನುಡಿಸಲು ಬಾರದಷ್ಟು ಹಾಳಾದ ತಟ್ಟೆಯೊಂದನ್ನು ಅಚ್ಚಿನ ಅಡಿಗಿಟ್ಟು, ನಯವಾದ ಉಪ್ಪುಕಾಗದದಿಂದ ಮೇಲೆ ಹಗುರವಾಗಿ ಉಜ್ಜಿ. ತಟ್ಟೆಯ ಅಂಚು ಇರುವಲ್ಲಿ ಕಪ್ಪು ಸವೆದು ನಿಜವಾದ ಉಂಗುರ ಏಳುತ್ತದೆ. ಕೊನೆಗೆ, ಮುಖವಿಲ್ಲದ ಬರಿಯ ಉಂಗುರಗಳನ್ನು ಮೂರನೆಯ ಸ್ಕ್ರೀನಿನಿಂದ ಪಾರದರ್ಶಕವಾದ ಹೊಳಪಿನ ವಾರ್ನಿಷ್‌ನಲ್ಲಿ ಹೊಡೆಯಿರಿ. ಎದುರಿನಿಂದ ಮುಖ ಕಾಣುತ್ತದೆ, ಓರೆಯಾಗಿ ಹಿಡಿದರೆ ತಟ್ಟೆಯ ಹೊಳಪು.

ಎಲ್‌ಪಿಯ ಪ್ಲಾಸ್ಟಿಕ್ ಹೊರಚೀಲ ಇದಕ್ಕೆ ಸರಿಹೊಂದುತ್ತದೆ. ಆದರೆ ವಾರ್ನಿಷ್ ಪೂರ್ತಿ ಗಟ್ಟಿಯಾಗುವ ತನಕ ಒಳಗೆ ಹಾಕಬೇಡಿ, ಅಂಟಿಕೊಳ್ಳುತ್ತದೆ.